ಪ್ರೂಫ್ ಬಂದ ಮೇಲೆ ಕತೆ ತಿದ್ದಬೇಡಿ

"ಸರ್, ಒಂದೇ ಒಂದು ಸಣ್ಣ ಬದಲಾವಣೆ." ಮೊದಲ ಪುಸ್ತಕ ತರುತ್ತಿರುವವರಿಂದ ಈ ಮಾತು ಬಂತೆಂದರೆ ನಾನು ಕುರ್ಚಿ ಹಿಂದಕ್ಕೆ ಸರಿಸಿ ಉಸಿರು ಬಿಡುತ್ತೇನೆ. ಪುಟ ವಿನ್ಯಾಸಕ್ಕೆ ಕೂತು ವರ್ಷಗಳೇ ಆದವು. ಆ ಬದಲಾವಣೆ ನಿಜಕ್ಕೂ ಸಣ್ಣದಾಗಿದ್ದನ್ನು ಇನ್ನೂ ನೋಡಿಲ್ಲ.

ಪ್ರಕಾಶಕರನ್ನು ಹುಡುಕುವುದು, ಮುನ್ನುಡಿ ಬರೆಸುವುದು, ಇವನ್ನೆಲ್ಲ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಗೋಳು ಒಂದೇ. ಪ್ರೂಫ್, ಅಂದರೆ ಅಚ್ಚಿಗೆ ಹೋಗುವ ಮುಂಚೆ ನೋಡಲು ಕೊಡುವ ಪುಟಗಳು, ಇರುವುದು ತಪ್ಪು ಹಿಡಿಯೋಕೆ, ಹೊಸದಾಗಿ ಬರೆಯೋಕಲ್ಲ.

12ನೇ ಪುಟದಲ್ಲಿ ನಾಲ್ಕು ಸಾಲು ಸೇರಿಸಿದಿರಿ ಅಂದುಕೊಳ್ಳಿ. ಆ ಅಧ್ಯಾಯದ ಸಾಲುಗಳೆಲ್ಲ ಕೆಳಗೆ ಜಾರುತ್ತವೆ. ಒಂದು ಉಪಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಅಧ್ಯಾಯ ಒಂದು ಪುಟ ಬೆಳೆದರೆ ಪರಿವಿಡಿಯ ಸಂಖ್ಯೆಗಳೂ ತಪ್ಪುತ್ತವೆ. ಪುಸ್ತಕ ಮುದ್ರಣವಾಗುವುದು ಸಾಮಾನ್ಯವಾಗಿ 16 ಪುಟದ ಫಾರಂ ಲೆಕ್ಕದಲ್ಲಿ. ಫಾರಂ ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು. 160 ಪುಟವಾದರೆ ಸರಿಯಾಗಿ ಹತ್ತು ಫಾರಂ. 161 ಆಯಿತೋ, ಆ ಒಂದು ಪುಟಕ್ಕಾಗಿ ಇನ್ನೊಂದು ಫಾರಂ ಬೇಕು. ಕೆಲವರು ಅರ್ಧ, ಕಾಲು ಫಾರಂ ಹೊಂದಿಸುತ್ತಾರೆ, ನಿಮ್ಮ ಮುದ್ರಕರನ್ನೇ ಕೇಳಿ. ಪುಟ ಹೆಚ್ಚಿದರೆ ಪುಸ್ತಕದ ಬೆನ್ನು ದಪ್ಪವಾಗುತ್ತದೆ. ಆಗ ಮುಖಪುಟವನ್ನೂ ಮತ್ತೆ ಅಳೆದು ಮಾಡಬೇಕು. ನಾಲ್ಕು ಸಾಲಿಗೆ ಇಷ್ಟೆಲ್ಲ!

ಹೀಗೆ ಯಾಕಾಗುತ್ತದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಅಚ್ಚಿನ ರೂಪದಲ್ಲಿ ಕಂಡಾಗ ಸ್ವಂತ ಬರಹ ಬೇರೆ ಯಾರದೋ ಅನ್ನಿಸುತ್ತೆ. ಅಲ್ಲಿಯವರೆಗೆ ಕಾಣದ ಕೊರತೆಗಳೆಲ್ಲ ಎದ್ದು ಕಾಣುತ್ತವೆ. ಆ ಸಂಕಟ ಸುಳ್ಳಲ್ಲ. ಆದರೆ ಅದನ್ನು ಮೊದಲೇ ಅನುಭವಿಸಬಹುದು, ಅಲ್ವಾ? ನನಗೆ ಕಳಿಸುವ ಮುಂಚೆ ಬೇರೆ ಫಾಂಟಿನಲ್ಲಿ, ಬೇರೆ ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ಗುರುತು ಹಾಕಿ.

ಒಬ್ಬ ನಿವೃತ್ತ ಮೇಷ್ಟ್ರು ಕಾದಂಬರಿ ತಂದಿದ್ದರು. ಕೊನೆಯ ಪ್ರೂಫಿನಲ್ಲಿ ನಾಯಕನ ಹೆಸರು ರವಿ ಬೇಡ, ಮೋಹನ ಇರಲಿ ಅನ್ನಿಸಿತು. ನನಗೆ ಕಷ್ಟ ಕೊಡಬಾರದೆಂದು ಮೂಲ ಫೈಲ್ ತೆಗೆದು, ಹುಡುಕಿ-ಬದಲಿಸುವ ಬಟನ್ ಒತ್ತಿ, ಹೊಸ ಫೈಲ್ ಕಳಿಸಿಬಿಟ್ಟರು. ಪಾಪ, ಒಳ್ಳೇ ಮನಸ್ಸು. ಮೂರನೇ ಪುಟ ತೆರೆದರೆ "ಮನೆ ಇನ್ನೇನು ದೂಮೋಹನಲ್ಲ" ಅಂತಿದೆ. ದೂರವಿಲ್ಲ ಅನ್ನುವುದರ ನಡುವೆ ರವಿ ಕೂತಿದ್ದ! ಹತ್ತಿರವಿದ್ದವರು ಹತ್ತಿಮೋಹನದ್ದವರು ಆಗಿದ್ದರು. ಅರವಿಂದ ಅನ್ನುವ ಗೆಳೆಯ ಅಮೋಹನಂದನಾಗಿದ್ದ. ಇಬ್ಬರೂ ಸೇರಿ ಮೊದಲ ಪುಟದಿಂದ ಮತ್ತೆ ಓದಿದೆವು, ಮೂರು ದಿನ.

ಇನ್ನೊಂದು ತಮಾಷೆ. ಒಳಗಿನ ವಿಶೇಷಣಗಳಿಗೆ ಇಷ್ಟು ಒದ್ದಾಡುವವರು ದೊಡ್ಡಕ್ಷರಗಳನ್ನು ಓದುವುದೇ ಇಲ್ಲ. ಅಧ್ಯಾಯದ ಶೀರ್ಷಿಕೆ, ಅರ್ಪಣೆ, ಬೆನ್ನಿನ ಮೇಲಿನ ಹೆಸರು, ಜಾಸ್ತಿ ತಪ್ಪು ನುಸುಳುವುದು ಇಲ್ಲೇ. ಒಮ್ಮೆ ಲೇಖಕಿಯ ಹೆಸರಿನಲ್ಲೇ ದೀರ್ಘ ಬಿಟ್ಟು ಹೋಗಿತ್ತು. ನಾನೂ ಸೇರಿ ಮೂರು ಜನ ನೋಡಿದ್ದೆವು.

ಮೇಷ್ಟ್ರು ಹೋದ ತಿಂಗಳು ಎರಡನೇ ಕಾದಂಬರಿ ಹಿಡಿದು ಬಂದರು. ನಾಯಕನ ಹೆಸರು ಜ್ಞಾನಮೂರ್ತಿ. "ಇದು ಬೇರೆ ಯಾವ ಪದದೊಳಗೂ ಸಿಗಲ್ಲ, ನೋಡಿ" ಅಂದರು. ಅವರೆದುರೇ ಹುಡುಕಿ ನೋಡಿದೆ. ಸಿಗಲಿಲ್ಲ.