ರನ್‌ವೇಗಳೆಲ್ಲ ಪಶ್ಚಿಮಕ್ಕೇ ಯಾಕೆ?

ಗೋವಾದ ವಾಸ್ಕೋ, ಝುವಾರಿನಗರದ ಕಡೆ ಕನ್ನಡ ಮಾತಾಡುವ ಮನೆಗಳಿಗೆ ವಿಮಾನದ ಸದ್ದು ಹೊಸದಲ್ಲ. ಬಾಗಲಕೋಟೆ, ಗದಗದಿಂದ ಬಂದು ನೆಲೆಸಿದವರ ಮಕ್ಕಳು ಸದ್ದು ಕೇಳಿಯೇ ನೌಕಾಪಡೆಯ ಮಿಗ್ ಯಾವುದು, ಪ್ರಯಾಣಿಕರ ವಿಮಾನ ಯಾವುದು ಅಂತ ಹೇಳುತ್ತಾರೆ. ಎರಡೂ ಏರುವುದು ದಾಬೋಲಿಂ ವಿಮಾನ ನಿಲ್ದಾಣದ ಒಂದೇ ರನ್‌ವೇಯಿಂದ. ಅದರ ತುದಿಗಳಲ್ಲಿ 08 ಮತ್ತು 26 ಎಂದು ದೊಡ್ಡದಾಗಿ ಬರೆದಿದೆ. ಕೊನೆಗೊಂದು ಸೊನ್ನೆ ಸೇರಿಸಿ: 80 ಡಿಗ್ರಿ, 260 ಡಿಗ್ರಿ. ದಿಕ್ಸೂಚಿಯಲ್ಲಿ ಹೆಚ್ಚುಕಡಿಮೆ ಪೂರ್ವ, ಪಶ್ಚಿಮ.

ಮುಂಬೈನ ಜುಹೂ ಕೂಡ 08-26. ಸಾಂತಾಕ್ರೂಜ್‌ನ ಮುಖ್ಯ ರನ್‌ವೇ 09-27, ಪುಣೆಯ ಲೋಹಗಾಂವ್ 10-28. ಘಟ್ಟ ಹತ್ತಿದರೆ ಬೆಳಗಾವಿಯ ಸಾಂಬ್ರಾದಲ್ಲಿ ಮತ್ತೆ 08-26. ದಾಬೋಲಿಂ ಪೋರ್ಚುಗೀಸರದ್ದು, ಉಳಿದವು ಬ್ರಿಟಿಷರ ಕಾಲದವು. ಯಾರೂ ಯಾರನ್ನೂ ಕೇಳಿ ಕಟ್ಟಿದ್ದಲ್ಲ. ಎಲ್ಲರನ್ನೂ ಒಂದೇ ಕಡೆ ತಿರುಗಿಸಿದ್ದು ಗಾಳಿ.

ರೆಕ್ಕೆಗೆ ಬೇಕಾದ್ದು ನೆಲದ ಮೇಲಿನ ವೇಗ ಅಲ್ಲ, ಎದುರು ಬರುವ ಗಾಳಿಯ ವೇಗ. ಗಂಟೆಗೆ 100 ಕಿ.ಮೀ.ಗೆ ಏಳುವ ಪುಟ್ಟ ವಿಮಾನಕ್ಕೆ 30 ಕಿ.ಮೀ. ಗಾಳಿ ಎದುರಾದರೆ ನೆಲದ ಮೇಲೆ 70ರಲ್ಲಿ ಓಡಿದರೂ ಸಾಕು. ಅದೇ ಗಾಳಿ ಪಕ್ಕದಿಂದ ಬೀಸಿದರೆ ಲಾಭವಿಲ್ಲ, ಸಾಲದ್ದಕ್ಕೆ ವಿಮಾನವನ್ನು ಒಂದು ಕಡೆ ತಳ್ಳುತ್ತದೆ. ಹೊಸದಾಗಿ ಕಲಿಯುವವನ ಕೈ ನಡುಗುವುದು ಇಲ್ಲೇ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜೋರು ಗಾಳಿ ನೈಋತ್ಯ, ಪಶ್ಚಿಮದಿಂದ ಬರುತ್ತದೆ. ಉಳಿದ ತಿಂಗಳು ಮಧ್ಯಾಹ್ನದ ಕಡಲಗಾಳಿಯೂ ಅತ್ತಲಿಂದಲೇ.

ಎರಡನೇ ಮಹಾಯುದ್ಧದ ಹೊತ್ತಿಗೆ ಪೈಲಟ್‌ಗಳು ಕಲಿಯುತ್ತಿದ್ದ ಟೈಗರ್ ಮಾತ್ ಎಂಬ ಪುಟ್ಟ ವಿಮಾನಕ್ಕೆ ರನ್‌ವೇಯೇ ಬೇಕಿರಲಿಲ್ಲ. ಹುಲ್ಲಿನ ಮೈದಾನದಲ್ಲಿ ಗಾಳಿ ಎತ್ತ ಬೀಸಿದರೆ ಅತ್ತ ತಿರುಗಿಸಿ ಏರುತ್ತಿದ್ದರು. ಭಾರದ ಯುದ್ಧವಿಮಾನ ಬಂದ ಮೇಲೆ ಗಟ್ಟಿ ಪಟ್ಟಿ ಹಾಸಬೇಕಾಯಿತು. ಒಮ್ಮೆ ಹಾಸಿದರೆ ದಿಕ್ಕು ಬದಲಿಸಲಾಗದು ಅಲ್ವಾ?

ಗಾಳಿಯೊಂದೇ ಸರಿಯಿದ್ದರೂ ಸಾಲದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ತಂದು ಜುಹೂನಲ್ಲಿ ಇಳಿದರು. ಮಳೆಗಾಲ ಬಂದರೆ ಆ ಮೈದಾನ ಬರೀ ಕೆಸರು. ಆಗ ವಿಮಾನ, ಪೈಲಟ್, ಮೆಕ್ಯಾನಿಕ್ ಎಲ್ಲರೂ ಪುಣೆಗೆ ಗಂಟುಮೂಟೆ ಕಟ್ಟುತ್ತಿದ್ದರು. ಅಲ್ಲಿ ಯರವಡಾ ಜೈಲಿನ ಹತ್ತಿರದ ಪೋಲೋ ಮೈದಾನವೇ ನಿಲ್ದಾಣ! ದಾಬೋಲಿಂಗೆ ಈ ತಾಪತ್ರಯ ಕಡಿಮೆ. ಅದು ಸಮುದ್ರಮಟ್ಟದಿಂದ ಸುಮಾರು 56 ಮೀಟರ್ ಎತ್ತರದ ಮುರಕಲ್ಲಿನ ದಿಬ್ಬ. ನೀರು ನಿಲ್ಲುವ ತಗ್ಗಲ್ಲ.

ಮುಂಬೈ ರಕ್ಷಣೆಗೆಂದು ಯುದ್ಧಕಾಲದಲ್ಲಿ ಎದ್ದ ಲೋಹಗಾಂವ್‌ನದು ಬೇರೆ ಕಥೆ. ಅಲ್ಲಿನ ಎತ್ತರ ಸುಮಾರು 590 ಮೀಟರ್. ಗಾಳಿ ಕರಾವಳಿಗಿಂತ ಶೇ. 5ರಷ್ಟು ತೆಳು. ಬೇಸಿಗೆ ಮಧ್ಯಾಹ್ನ ಇನ್ನೂ ತೆಳು. ಏಳಲು ಜಾಸ್ತಿ ಓಡಬೇಕು. 1942ರಲ್ಲಿ ಬ್ರಿಟಿಷ್ ವಾಯುಪಡೆ ತರಬೇತಿಗೆಂದು ಕಟ್ಟಿದ ಸಾಂಬ್ರಾ ಇದಕ್ಕಿಂತಲೂ ಎತ್ತರ. ಅಲ್ಲಿ ಈಗಲೂ ವಾಯುಪಡೆಯ ಏರ್‌ಮನ್‌ಗಳ ತರಬೇತಿ ಶಾಲೆಯಿದೆ.

1961ರ ಡಿಸೆಂಬರ್ 18ರಂದು, ಪೋರ್ಚುಗೀಸರಿಂದ ಗೋವಾ ಬಿಡಿಸಲು ಭಾರತದ ಸೇನೆ ಹೊರಟಾಗ, ಈ ನೆಲೆಗಳೆಲ್ಲ ಒಂದೇ ಕಥೆಗೆ ಸೇರಿದವು. ಪುಣೆಯಿಂದ ಹೊರಟ ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದವು. ಸಾಂಬ್ರಾದ ಹಂಟರ್ ಯುದ್ಧವಿಮಾನಗಳು ಬಾಂಬೋಲಿಂನ ವೈರ್‌ಲೆಸ್ ಕೇಂದ್ರ ಉರುಳಿಸಿದವು. ತಮಾಷೆಯೆಂದರೆ, ಅದೇ ರಾತ್ರಿ ಆ ಹಾಳಾದ ರನ್‌ವೇಯಿಂದಲೇ ಪೋರ್ಚುಗೀಸರ ಎರಡು ನಾಗರಿಕ ವಿಮಾನಗಳು ಕರಾಚಿಗೆ ಪಾರಾದವು. ಬಾಂಬ್ ಬಿದ್ದಷ್ಟಕ್ಕೇ ರನ್‌ವೇ ಸಾಯುವುದಿಲ್ಲ. ಹೊಂಡ ತಪ್ಪಿಸಿ ಓಡುವಷ್ಟು ಜಾಗ ಉಳಿದರೆ ಆಯಿತು.

1964ರಲ್ಲಿ ನೌಕಾಪಡೆಯ ವಾಯುನೆಲೆ ಐಎನ್ಎಸ್ ಹಂಸ ದಾಬೋಲಿಂಗೆ ಬಂತು. ಈಗ ಇಲ್ಲಿ ವಿಮಾನವಾಹಕ ಹಡಗಿನ ಮೂತಿಯಂತೆ ಮೇಲಕ್ಕೆ ಬಾಗಿದ ಇಳಿಜಾರು ಪಟ್ಟಿಯಿದೆ. 2014ರ ಡಿಸೆಂಬರ್ 20ರಂದು ತೇಜಸ್ ಯುದ್ಧವಿಮಾನದ ನೌಕಾ ಮಾದರಿ ಮೊದಲ ಬಾರಿ ಇದರಿಂದ ಜಿಗಿಯಿತು. ವಿಮಾನ ಹಿಡಿದು ನಿಲ್ಲಿಸುವ ತಂತಿಗಳೂ ಇಲ್ಲಿವೆ. 2019ರ ಸೆಪ್ಟೆಂಬರ್ 13ರಂದು ತೇಜಸ್ ಅವುಗಳಿಗೆ ಕೊಕ್ಕೆ ಸಿಕ್ಕಿಸಿ ಇಳಿಯಿತು. ಹಡಗಾದರೆ ಗಾಳಿಗೆ ಎದುರಾಗಿ ತಿರುಗುತ್ತದೆ, ನೆಲ ತಿರುಗುವುದಿಲ್ಲ.

ಇಂಥ ಅಭ್ಯಾಸಕ್ಕೆಂದೇ ವರ್ಷಗಟ್ಟಲೆ ವಾರದ ದಿನ ಬೆಳಗ್ಗೆ ನಾಗರಿಕ ವಿಮಾನಗಳನ್ನು ತಡೆಯುತ್ತಿದ್ದರು. ಬೆಂಗಳೂರಿಗೆ ಹೊರಟವರು ಸುಮ್ನೆ ಗೊಣಗುತ್ತಿದ್ದರು. ನನಗೆ ಆ ತಡೆ ನ್ಯಾಯವೇ ಅನ್ನಿಸುತ್ತದೆ. ಹಡಗಿನ ಮೇಲೆ ಚಕ್ರ ತಾಗಿದ ಕೂಡಲೇ ಪೈಲಟ್ ಎಂಜಿನನ್ನು ಪೂರ್ತಿ ಜೋರು ಮಾಡಬೇಕು, ಕಡಿಮೆ ಅಲ್ಲ. ಕೊಕ್ಕೆ ತಂತಿಗೆ ಸಿಗದಿದ್ದರೆ ಮತ್ತೆ ಹಾರಲೇಬೇಕಲ್ಲ. ಈ ಉಲ್ಟಾ ಅಭ್ಯಾಸವನ್ನು ಮೊದಲು ಗಟ್ಟಿ ನೆಲದ ಮೇಲೆ ಕಲಿಯುವುದೇ ಒಳ್ಳೆಯದು.