ತೋಟಕ್ಕೆ ನುಗ್ಗುವ ಷಿಕಾರಿಯವರು: ಜಮೀನಿನ ಮಾಲೀಕರು ಅರಿತಿರಬೇಕಾದ ಕಾನೂನು

ಮಲೆನಾಡಿನ ಕಾಡಂಚಿನ ಕಾಫಿ ಮತ್ತು ಅಡಿಕೆ ತೋಟಗಳ ಮಾಲೀಕರು ವಕೀಲರ ಬಳಿ ಹೇಳಿಕೊಳ್ಳುವ ತೊಂದರೆಗಳಲ್ಲಿ ರಾತ್ರಿ ಷಿಕಾರಿಯದು ಹಳೆಯದು. ತೋಟದೊಳಗೆ ಹೆಡ್‌ಲೈಟ್ ಬೆಳಕು ಓಡಾಡುತ್ತದೆ, ಈಡಿನ ಸದ್ದು ಕೇಳುತ್ತದೆ, ಬೆಳಿಗ್ಗೆ ನೋಡಿದರೆ ಬೇಲಿಯ ತಂತಿ ಕತ್ತರಿಸಿರುತ್ತದೆ. ಬಂದವರು ಯಾರೆಂಬುದು ಬಹುತೇಕ ಎಲ್ಲರಿಗೂ ಗೊತ್ತಿರುತ್ತದೆ. ಪಕ್ಕದ ಊರಿನವರೊಂದಿಗೆ ನಿಷ್ಠುರ ಏಕೆಂದೋ, ಹಂದಿ ಕಾಟವಾದರೂ ತಪ್ಪೀತೆಂದೋ ಸುಮ್ಮನಿದ್ದುಬಿಡುತ್ತಾರೆ. ಹೀಗೆ ಸುಮ್ಮನಿದ್ದವರ ತೋಟದಲ್ಲಿ ಮುಂದೊಂದು ದಿನ ಉರುಳಿಗೆ ಬಿದ್ದು ಸತ್ತ ಚಿರತೆ ಸಿಕ್ಕರೆ, ಅರಣ್ಯ ಇಲಾಖೆಯ ಮೊದಲ ಪ್ರಶ್ನೆ ಪಹಣಿಯಲ್ಲಿ ಹೆಸರಿರುವವರಿಗೇ ಬರುತ್ತದೆ. ಆ ದಿನಕ್ಕಾಗಿ ನಿಮ್ಮ ಬಳಿ ಇರಬೇಕಾದದ್ದು ಮೊದಲೇ ಕೊಟ್ಟ ಲಿಖಿತ ದೂರು.

ಜಮೀನಿನ ಒಡೆತನದಿಂದ ಅಲ್ಲಿ ಸುಳಿಯುವ ಕಾಡುಪ್ರಾಣಿಯ ಮೇಲೆ ಯಾವ ಹಕ್ಕೂ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುವಾಗ ಮೀಸಲು ಅರಣ್ಯ, ಖಾಸಗಿ ತೋಟ ಎಂಬ ಭೇದ ಮಾಡಿಲ್ಲ. ಆದ್ದರಿಂದ ‘ಯಜಮಾನರನ್ನು ಕೇಳಿಯೇ ಬಂದಿದ್ದೇವೆ’ ಎಂಬ ಸಮಜಾಯಿಷಿ ಬಂದವರನ್ನು ಉಳಿಸುವುದಿಲ್ಲ, ಬದಲಿಗೆ ಯಜಮಾನರನ್ನೂ ಪ್ರಕರಣದೊಳಗೆ ಎಳೆಯುತ್ತದೆ. ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಉರುಳು ಒಡ್ಡುವುದು, ಬಲೆ ಹಾಕುವುದು, ಸೋವುವುದು (ಅಟ್ಟಿಸಿಕೊಂಡು ಹೋಗುವುದು), ಆಮಿಷವಿಟ್ಟು ಕರೆಯುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿ (ಪ್ರಾಣಿಗಳ ಪಟ್ಟಿಯಲ್ಲಿ) ಇದ್ದು, ಅದರ ಬೇಟೆಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಚಿರತೆ, ಕಾಟಿ, ಚಿಪ್ಪುಹಂದಿಯಂತಹ ಮೊದಲನೇ ಅನುಸೂಚಿಯ ಪ್ರಾಣಿಗಳಾದರೆ ಶಿಕ್ಷೆ ಮೂರರಿಂದ ಏಳು ವರ್ಷ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಹಂದಿಗೆಂದು ಒಡ್ಡಿದ ಉರುಳು ಚಿರತೆಯನ್ನು ಬಿಟ್ಟು ಹಂದಿಯನ್ನೇ ಹಿಡಿಯುವುದಿಲ್ಲವೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಂದಿಯಿಂದ ಬೆಳೆ ಹಾಳಾಗುವುದು ನಿಜವಾದ ಕಷ್ಟ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ 11ನೇ ಕಲಮಿನಲ್ಲಿ ದಾರಿಯಿದೆ: ನಿಂತ ಬೆಳೆಗೆ ಅಪಾಯವಾಗಿದೆಯೆಂದು ಮನವರಿಕೆಯಾದರೆ ಅಧಿಕಾರವುಳ್ಳ ಅಧಿಕಾರಿ ಕಾರಣ ಸಹಿತ ಲಿಖಿತ ಅನುಮತಿ ಕೊಡಬಹುದು. ಅಂತಹ ಆದೇಶ ಕೈಯಲ್ಲಿಲ್ಲದವರು ನಿಮ್ಮ ತೋಟದಲ್ಲಿ ಹಾರಿಸುವ ಪ್ರತಿಯೊಂದು ಈಡೂ ಅಪರಾಧವೇ.

ಇನ್ನು ಅತಿಕ್ರಮ ಪ್ರವೇಶದ ವಿಚಾರ. ಬೇರೆಯವರ ಜಮೀನಿಗೆ ಕಾಲಿಟ್ಟ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ಅಪರಾಧವೆಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶ ಇರಬೇಕೆಂದು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಹೇಳುತ್ತದೆ. ಬೇಟೆಯೇ ಅಪರಾಧವಾಗಿರುವುದರಿಂದ, ಕೋವಿ ಹಿಡಿದು ನಡುರಾತ್ರಿ ತೋಟಕ್ಕೆ ಬಂದವರ ವಿಷಯದಲ್ಲಿ ಆ ಉದ್ದೇಶವನ್ನು ತೋರಿಸುವುದು ಕಷ್ಟವಲ್ಲ. ಈ ಕಲಮಿನ ಶಿಕ್ಷೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಿರುವುದರಿಂದ ಇದೊಂದನ್ನೇ ನೆಚ್ಚಿಕೊಂಡ ದೂರು ತೂಕ ಕಳೆದುಕೊಳ್ಳುತ್ತದೆ. ಪೊಲೀಸರಿಗೆ ಕೊಡುವ ದೂರಿನಲ್ಲಿ ವನ್ಯಜೀವಿ ಕಾಯಿದೆಯ ಅಂಶಗಳೂ ಇರಲಿ, ಅದರ ಪ್ರತಿ ವಲಯ ಅರಣ್ಯಾಧಿಕಾರಿಗೂ ಹೋಗಲಿ.

ರಾತ್ರಿ ಈಡಿನ ಸದ್ದು ಕೇಳಿದಾಗ ಮನೆಯ ಮಕ್ಕಳನ್ನೋ ತೋಟದ ಆಳುಗಳನ್ನೋ ಕರೆದುಕೊಂಡು ಬೆಳಕಿನ ಕಡೆ ಹೋಗುವವರಿಗೆ ನಾನು ಕೈಮುಗಿದು ಬೇಡವೆನ್ನುತ್ತೇನೆ. ಗಿಡಗಳ ನಡುವೆ ಏನೋ ಅಲುಗಾಡಿತೆಂದು, ಹಂದಿಯೆಂದು ಭಾವಿಸಿ ಮನುಷ್ಯರಿಗೇ ಗುಂಡು ಹಾರಿಸಿದ ಪ್ರಕರಣಗಳು ನಮ್ಮ ಜಿಲ್ಲೆಗಳಲ್ಲಿ ನಡೆದಿವೆ. ಕಣ್ಣೆದುರೇ ಸಂಜ್ಞೇಯ (ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ) ಹಾಗೂ ಜಾಮೀನುರಹಿತ ಅಪರಾಧ ಎಸಗಿದವರನ್ನು ಖಾಸಗಿ ವ್ಯಕ್ತಿ ಹಿಡಿದು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಅವಕಾಶ ಕೊಟ್ಟಿರುವುದು ನಿಜ, ಆದರೆ ಆಯುಧವಿರುವವರ ಮೇಲೆ ಕತ್ತಲಲ್ಲಿ ಆ ಅಧಿಕಾರ ಚಲಾಯಿಸುವುದು ವಿವೇಕವಲ್ಲ. ಆಸ್ತಿ ರಕ್ಷಣೆಯ ಹಕ್ಕಿನ ಹೆಸರಿನಲ್ಲಿ ನಿಮ್ಮ ಪರವಾನಗಿ ಕೋವಿಯನ್ನು ಅವರತ್ತ ಎತ್ತುವುದಂತೂ ಸಲ್ಲದು. ಬರಿಯ ಅತಿಕ್ರಮ ಪ್ರವೇಶ ತಡೆಯಲು ಪ್ರಾಣ ತೆಗೆಯುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ. ಮನೆಯೊಳಗಿದ್ದೇ 112ಕ್ಕೆ ಕರೆ ಮಾಡಿ. ಗೇಟಿನ ಬಳಿ ನಿಂತ ಜೀಪು ಅಥವಾ ಬೈಕಿನ ನಂಬರ್ ಸುರಕ್ಷಿತವಾಗಿ ಕಂಡರೆ ಬರೆದಿಟ್ಟುಕೊಳ್ಳಿ; ಮುಂದಿನ ತನಿಖೆಗೆ ಅದಕ್ಕಿಂತ ಉಪಯುಕ್ತವಾದ ಸಂಗತಿ ಅಪರೂಪ.

ಕೋವಿಗಿಂತ ಕ್ರೂರವಾದದ್ದು ಉರುಳು, ಹಾಗೂ ಅದು ಸದ್ದಿಲ್ಲದೆ ತೋಟದಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಅದು ಬೈಕಿನ ಕ್ಲಚ್ ಅಥವಾ ಬ್ರೇಕ್ ಕೇಬಲ್ಲಿನ ತಂತಿ. ಹಂದಿ ನುಸುಳಿ ಸವೆದ ಬೇಲಿಯ ಕಂಡಿಯಲ್ಲಿ, ನೆಲದಿಂದ ಗೇಣಿನಷ್ಟು ಎತ್ತರದಲ್ಲಿ ಜೀರುಗುಣಿಕೆ (ಎಳೆದರೆ ಬಿಗಿಯುವ ಕುಣಿಕೆ) ತೂಗುತ್ತಿರುತ್ತದೆ. ಇನ್ನೊಂದು ತುದಿಯನ್ನು ಗೂಟಕ್ಕೋ ಕಾಫಿ ಗಿಡದ ಬುಡಕ್ಕೋ ಬಿಗಿದಿರುತ್ತಾರೆ. ಬುಡದ ತೊಗಟೆ ಸುತ್ತಲೂ ಉಜ್ಜಿ ಹೋಗಿದ್ದರೆ ಅಲ್ಲಿ ಮೊದಲೇ ಯಾವುದೋ ಪ್ರಾಣಿ ಸಿಕ್ಕಿ ಒದ್ದಾಡಿದೆ ಎಂದು ತಿಳಿಯಬೇಕು. ಕಂಡ ಕೂಡಲೇ ಕಿತ್ತೆಸೆಯುವ ಮನಸ್ಸಾಗುವುದು ಸಹಜ, ಆದರೆ ಕಿತ್ತರೆ ಸಾಕ್ಷ್ಯ ಹೋಗುತ್ತದೆ. ಅಲ್ಲೊಬ್ಬರನ್ನು ಕಾವಲಿಗೆ ನಿಲ್ಲಿಸಿ, ದೂರದಿಂದಲೂ ಹತ್ತಿರದಿಂದಲೂ ಫೋಟೊ ತೆಗೆದು, ಅರಣ್ಯ ಸಿಬ್ಬಂದಿ ಬಂದು ಮಹಜರು ಮಾಡಿ ವಶಪಡಿಸಿಕೊಳ್ಳುವವರೆಗೆ ಕಾಯಿರಿ. ಪ್ರಾಣಿ ಜೀವಂತ ಸಿಕ್ಕಿಕೊಂಡಿದ್ದರೆ ಜನ ಸೇರದಂತೆ ನೋಡಿಕೊಳ್ಳುವುದೇ ನೀವು ಮಾಡಬಹುದಾದ ದೊಡ್ಡ ಉಪಕಾರ. ಸತ್ತ ಪ್ರಾಣಿಯನ್ನು ಹೂಳಬೇಡಿ. ಅದು ಸರ್ಕಾರದ ಸ್ವತ್ತು, ಅಂತಹ ಸ್ವತ್ತು ಯಾರ ವಶಕ್ಕೆ ಬಂದರೂ 48 ಗಂಟೆಯೊಳಗೆ ತಿಳಿಸಬೇಕೆಂದು 39ನೇ ಕಲಂ ವಿಧಿಸುತ್ತದೆ.

ದೂರಿನಲ್ಲಿ ಸರ್ವೆ ನಂಬರು, ಬೇಲಿ ಕತ್ತರಿಸಿದ ದಿಕ್ಕು, ಸಮಯ ಮತ್ತು ಕಂಡ ಗುರುತುಗಳು ಇರಲಿ, ಅನುಮಾನವನ್ನು ಅನುಮಾನವೆಂದೇ ಬರೆಯಿರಿ. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಡಬೇಡಿ. ಕ್ರಮ ಜರುಗಿಸಲು ಒಪ್ಪದಿದ್ದರೆ ಹಾಗೆಂದು ಬರೆದುಕೊಡುವ ಹಿಂಬರಹ ಕೇಳಿ ಪಡೆಯಿರಿ. ಸಿಸಿಟಿವಿ ದೃಶ್ಯವಿದ್ದರೆ ಅದು ಅಳಿಸಿಹೋಗುವ ಮುನ್ನ ಪ್ರತಿ ಮಾಡಿಡಿ; ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸಲು ವಿದ್ಯುನ್ಮಾನ ದಾಖಲೆಗೆ ಸಂಬಂಧಿಸಿದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ.

ಗುರುತು ಗೊತ್ತಿರುವವರೇ ಪದೇ ಪದೇ ಬರುತ್ತಿದ್ದರೆ ಸಿವಿಲ್ ನ್ಯಾಯಾಲಯದಿಂದ ನಿರ್ಬಂಧಕಾಜ್ಞೆ ಪಡೆಯಬಹುದು. ಶಾಂತಿಭಂಗದ ಭೀತಿಯಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ತಾಲ್ಲೂಕು ದಂಡಾಧಿಕಾರಿಗಳು ಮುಚ್ಚಳಿಕೆ ಬರೆಸಿಕೊಳ್ಳಲೂ ಅವಕಾಶವಿದೆ. ಊರೊಳಗಿನ ವ್ಯಾಜ್ಯಗಳಲ್ಲಿ ಇದು ಬೇಗ ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯನ್ನು ಷಿಕಾರಿಗೆ ಬಳಸಿದ್ದರೆ, ಪರವಾನಗಿ ರದ್ದುಪಡಿಸುವಂತೆ 1959ರ ಶಸ್ತ್ರಾಸ್ತ್ರ ಕಾಯಿದೆಯ 17ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಗೆ ಪ್ರತ್ಯೇಕ ಅರ್ಜಿ ಕೊಡಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗಲ್ಲ. ಅಲ್ಲಿಯೂ ಇದೇ ವನ್ಯಜೀವಿ ಕಾಯಿದೆ ಅನ್ವಯಿಸುತ್ತದೆ.