ಫ್ಯಾಟಿ ಆಸಿಡ್ ಆರ್‌ಒಎಸ್ ಹೆಚ್ಚಿಸುತ್ತಾ, ಇಳಿಸುತ್ತಾ? ಮೊದಲು ದಿಕ್ಕು ನೋಡಿ

ಫ್ಯಾಟಿ ಆಸಿಡ್ (ಕೊಬ್ಬಿನ ಆಮ್ಲ) ಹಾಕಿದರೆ ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದಲ್ಲಿ ಆರ್‌ಒಎಸ್ (ಆಕ್ಸಿಜನ್‌ನಿಂದ ಆಗುವ, ಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಅಣುಗಳು) ಜಾಸ್ತಿ ಆಗುತ್ತದೆ ಎಂದು ಒಂದು ಪುಟದಲ್ಲಿತ್ತು. ಮುಂದಿನ ಪುಟದಲ್ಲಿ, ಕಡಿಮೆ ಆಗುತ್ತದೆ ಎಂದಿತ್ತು. ಎರಡು ದಿನ ತಲೆ ಕೆಟ್ಟಿತ್ತು. ಎರಡೂ ಸರಿಯೇ. ಎಲೆಕ್ಟ್ರಾನ್ ಯಾವ ಕಡೆ ಹೋಗುತ್ತಿದೆ ಅನ್ನುವುದೇ ಕೀಲಿ.

ಫ್ಯಾಟಿ ಆಸಿಡನ್ನು ತುಂಡುತುಂಡಾಗಿ ಒಡೆಯುವ ಬೀಟಾ ಆಕ್ಸಿಡೇಶನ್ ಸುತ್ತುಗಳನ್ನು ಬಿಡುತ್ತೇನೆ, ಗೊತ್ತಿರುವುದೇ ಅಲ್ವಾ. ಲೆಕ್ಕ ಮಾತ್ರ ಇಟ್ಟುಕೊಳ್ಳಿ: ಒಂದು ಪಾಲ್ಮಿಟೇಟ್ (ಒಂದು ಬಗೆಯ ಫ್ಯಾಟಿ ಆಸಿಡ್) ಪೂರ್ತಿ ಉರಿದರೆ ಸಿಗುವ ಎಲೆಕ್ಟ್ರಾನ್ ಹೊರುವ ಅಣುಗಳು 31 ಎನ್‌ಎಡಿಎಚ್, 15 ಎಫ್‌ಎಡಿಎಚ್2. ಗ್ಲೂಕೋಸ್‌ಗೆ 10 ಮತ್ತು 2. ಎಫ್‌ಎಡಿಎಚ್2 ಎಲೆಕ್ಟ್ರಾನ್‌ಗಳು ಎಲೆಕ್ಟ್ರಾನ್ ಸಾಗಿಸುವ ಸರಪಳಿಯ ಮೊದಲ ಪ್ರೋಟೀನ್ ಗುಂಪಾದ ಕಾಂಪ್ಲೆಕ್ಸ್ 1 ಮುಟ್ಟದೆ, ಅದರ ಮುಂದಿನ ವಾಹಕವಾದ ಯುಬಿಕ್ವಿನೋನ್‌ಗೆ ಹೋಗುತ್ತವೆ. ಹಾಗಾಗಿ ಕೊಬ್ಬು ಉರಿಯುವಾಗ ಯುಬಿಕ್ವಿನೋನ್ ಬೇಗ ತುಂಬುತ್ತದೆ.

ತುಂಬಿದ ಎಲೆಕ್ಟ್ರಾನ್ ಹಿಂದಕ್ಕೆ, ಕಾಂಪ್ಲೆಕ್ಸ್ 1ಕ್ಕೆ, ಹತ್ತುತ್ತದೆಯಂತೆ. ನಾನು ಎಡವಿದ್ದು ಇಲ್ಲಿ. ಇಳಿಯಬೇಕಾದ್ದು ಹತ್ತುವುದು ಹೇಗೆ? ಬಾವಿಯ ರಾಟೆ ನೆನಪಾದ ಮೇಲೆ ಹೊಳೆಯಿತು. ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದೆ ಅಂದುಕೊಳ್ಳಿ. ಒಂದು ಕಡೆ ಎಲೆಕ್ಟ್ರಾನ್, ಇನ್ನೊಂದು ಕಡೆ ಪ್ರೋಟಾನ್. ಮಾಮೂಲಿಯಾಗಿ ಎಲೆಕ್ಟ್ರಾನ್ ಕೊಡ ಇಳಿಯುತ್ತಾ ಪ್ರೋಟಾನನ್ನು ಹೊರಗೆ ಎತ್ತುತ್ತದೆ. ಒಳಪೊರೆಯ ಆಚೆ ಪ್ರೋಟಾನ್ ಒತ್ತಡ ವಿಪರೀತ ಆದರೆ ಆ ಕೊಡವೇ ಭಾರ. ಅದು ಒಳಗೆ ಇಳಿಯುತ್ತದೆ, ಎಲೆಕ್ಟ್ರಾನ್ ಮೇಲೇರುತ್ತದೆ. ಏರಿದ್ದು ಆಕ್ಸಿಜನ್‌ಗೆ ಅಂಟಿದರೆ ಆರ್‌ಒಎಸ್‌ನ ಒಂದು ಬಗೆಯಾದ ಸೂಪರ್‌ಆಕ್ಸೈಡ್.

ಈಗ ಯಾವುದಕ್ಕೂ ಅಂಟಿರದ ಬಿಡಿಯಾದ ಫ್ಯಾಟಿ ಆಸಿಡ್ ಬರುತ್ತದೆ. ಅದು ಪ್ರೋಟಾನ್ ಹೊತ್ತು ಪೊರೆ ದಾಟಿ ಒಳಗೆ ಇಳಿಸುತ್ತದೆ. ಖಾಲಿಯಾದ ಮೇಲೆ ಎಡಿಪಿ-ಎಟಿಪಿ ವಾಹಕ ಪ್ರೋಟೀನ್ ಮೂಲಕ ವಾಪಸ್. ಭಾರದ ಕೊಡ ಹಗುರ, ಹಿಮ್ಮುಖ ಹರಿವು ನಿಂತಿತು, ಆರ್‌ಒಎಸ್ ಇಳಿಯಿತು. ಒತ್ತಡ ಸ್ವಲ್ಪ ತಗ್ಗಿದರೂ ಇಲ್ಲಿ ಆರ್‌ಒಎಸ್ ತುಂಬಾ ಬೀಳುತ್ತದೆ. (ಪ್ರೋಟಾನ್ ಸೋರಿಕೆ, ಎಲೆಕ್ಟ್ರಾನ್ ಸೋರಿಕೆ ಬೇರೆ ಬೇರೆ. ಮೊದಲನೆಯದು ಎರಡನೆಯದನ್ನು ತಡೆಯುತ್ತಿದೆ. ಬರೀ ‘ಸೋರಿಕೆ’ ಎಂದು ಬರೆದುಕೊಂಡು ನಾನು ಕೆಟ್ಟೆ.)

ಮುಮ್ಮುಖ ಹರಿವಿನಲ್ಲಿ, ಅಂದರೆ ಕಾಂಪ್ಲೆಕ್ಸ್ 1ರಿಂದಲೇ ಎಲೆಕ್ಟ್ರಾನ್ ಒಳಬರುವಂತೆ ಗ್ಲುಟಮೇಟ್ ಜೊತೆ ಮ್ಯಾಲೇಟ್ ಕೊಟ್ಟಾಗ, ಕಥೆ ಉಲ್ಟಾ. ಫ್ಯಾಟಿ ಆಸಿಡ್ ಕಾಂಪ್ಲೆಕ್ಸ್ 1 ಮತ್ತು 3ರಲ್ಲಿ ದಾರಿಗೆ ಅಡ್ಡ ಬರುತ್ತದೆ. ಹಿಂದೆ ಎಲೆಕ್ಟ್ರಾನ್ ಜಮಾಯಿಸಿ ಸೋರುತ್ತದೆ.

ದಿಕ್ಕು ಗೊತ್ತಾಗದಿದ್ದರೆ ಕಾಂಪ್ಲೆಕ್ಸ್ 1ನ್ನು ತಡೆಯುವ ರೊಟೆನೋನ್ ಹಾಕಿ ನೋಡುತ್ತಾರೆ. ಆರ್‌ಒಎಸ್ ಬಿದ್ದರೆ ಹಿಮ್ಮುಖ, ಏರಿದರೆ ಮುಮ್ಮುಖ.

ಮಾದರಿ ಪರೀಕ್ಷೆಯಲ್ಲಿ ಇಷ್ಟೆಲ್ಲ ಗೊತ್ತಿದ್ದೂ ಅಂಕ ಹೋಯಿತು. ಪ್ರಶ್ನೆಯಲ್ಲಿದ್ದದ್ದು ಪಾಲ್ಮಿಟೇಟ್ ಅಲ್ಲ, ಪಾಲ್ಮಿಟಾಯ್ಲ್ ಕಾರ್ನಿಟೈನ್. ಅದರ ಆಸಿಡ್ ತುದಿ ಕಾರ್ನಿಟೈನ್‌ಗೆ ಅಂಟಿಕೊಂಡಿರುವುದರಿಂದ ಪ್ರೋಟಾನ್ ಹೊರಲು ಬರುವುದಿಲ್ಲ. ಸುಮ್ನೆ ಒಳಗೆ ಹೋಗಿ ಉರಿಯುತ್ತದೆ.